ಗಟ್ಟಿಯಾದದ್ದೆಲ್ಲ ಉತ್ತಮವಲ್ಲ: ಮಸ್ಟ್ಯಾಂಗ್ ಕಾರಿನ ಹಿಂಬದಿ ಸಸ್ಪೆನ್ಷನ್ ಹೇಳುವ ವ್ಯಾಪಾರದ ಪಾಠ

ವಾಹನ ಬಿಡಿಭಾಗಗಳ ವ್ಯಾಪಾರದಲ್ಲಿ ಹೆಚ್ಚು ಗಟ್ಟಿಯಾದ ವಸ್ತುವೇ ಹೆಚ್ಚು ಒಳ್ಳೆಯದೆಂಬ ನಂಬಿಕೆ ಗ್ರಾಹಕರಲ್ಲಿಯೂ ಮಾರಾಟಗಾರರಲ್ಲಿಯೂ ಬೇರೂರಿದೆ. ಈ ನಂಬಿಕೆ ಎಲ್ಲ ಸಂದರ್ಭಗಳಲ್ಲಿಯೂ ಸಲ್ಲದು ಎಂಬುದಕ್ಕೆ ಅಮೆರಿಕದ ಫೋರ್ಡ್ ಮಸ್ಟ್ಯಾಂಗ್ ಕಾರಿನ ಹಿಂಬದಿ ಸಸ್ಪೆನ್ಷನ್ ಉತ್ತಮ ನಿದರ್ಶನವಾಗಿದೆ. 1979ರಿಂದ 2004ರವರೆಗೆ ತಯಾರಾದ ಈ ಕಾರುಗಳ ಬಲವನ್ನು ಹೆಚ್ಚಿಸಿಕೊಂಡು ದಿನನಿತ್ಯದ ರಸ್ತೆಯಲ್ಲಿಯೇ ಓಡಿಸುವ ಹವ್ಯಾಸಿಗಳು ಅಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಅವರಿಗಾಗಿ ಕಂಟ್ರೋಲ್ ಆರ್ಮ್, ಬುಷ್, ಸ್ಪ್ರಿಂಗ್‌ಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳೂ ಬೆಳೆದು ನಿಂತಿವೆ. ಯಾವ ಭಾಗವನ್ನು ಯಾರಿಗೆ ಮಾರಬೇಕು ಎಂಬ ವಿವೇಚನೆಯೇ ಆ ವ್ಯಾಪಾರದ ಜೀವಾಳ.

ಸಮಸ್ಯೆಯ ಮೂಲ

ಈ ಕಾರುಗಳಲ್ಲಿ ಬಹುಪಾಲಿನವಕ್ಕೆ ಹಿಂಬದಿಯ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಅದನ್ನು ನಾಲ್ಕು ಆರ್ಮ್‌ಗಳು ಹಿಡಿದಿರುತ್ತವೆ. ಕೆಳಗಿನ ಎರಡು ಆರ್ಮ್‌ಗಳ ಮೇಲೆ ಸ್ಪ್ರಿಂಗ್ ಕುಳಿತಿರುತ್ತದೆ. ಚಕ್ರದ ನೂಕುಬಲವನ್ನು ಕಾರಿನ ದೇಹಕ್ಕೆ ಮುಟ್ಟಿಸುವುದೂ ಮುಖ್ಯವಾಗಿ ಅವೇ. ಓರೆಯಾಗಿ ಜೋಡಿಸಲ್ಪಟ್ಟ ಮೇಲಿನ ಎರಡು ಆರ್ಮ್‌ಗಳು ಆಕ್ಸಲ್ ತಿರುಚಿಕೊಳ್ಳದಂತೆ ತಡೆಯುವುದಲ್ಲದೆ, ಅದು ಎಡಬಲಕ್ಕೆ ಸರಿಯದಂತೆಯೂ ಹಿಡಿಯಬೇಕು. ಹೀಗೆ ಮೇಲಿನ ಆರ್ಮ್‌ಗಳ ಪಾಲಿಗೆ ಎರಡು ಕೆಲಸಗಳು ಬಂದಿವೆ.

ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಮೇಲೆಯೇ ಉಳಿದಾಗ ನಾಲ್ಕೂ ಆರ್ಮ್‌ಗಳು ಬೇರೆಬೇರೆ ಕಮಾನಿನಲ್ಲಿ ಚಲಿಸುತ್ತವೆ. ಈ ವ್ಯತ್ಯಾಸವನ್ನು ತುದಿಗಳಲ್ಲಿರುವ ಮೆತ್ತನೆಯ ರಬ್ಬರ್ ಬುಷ್‌ಗಳು ನುಂಗಿಕೊಳ್ಳುತ್ತವೆ. ಸಾಧಾರಣ ಓಡಾಟಕ್ಕೆ ಈ ಏರ್ಪಾಡು ಸಾಕು. 1987ರಿಂದ 1992ರವರೆಗಿನ 5.0 ಲೀಟರ್ ವಿ-8 ಎಂಜಿನ್ ಕಾರ್ಖಾನೆಯಿಂದಲೇ 225 ಅಶ್ವಶಕ್ತಿ ಕೊಡುತ್ತಿತ್ತು. ಅದಕ್ಕೆ ಸೂಪರ್‌ಚಾರ್ಜರ್ ಜೋಡಿಸಿದರೆ ರಬ್ಬರ್ ಬುಷ್ ಕುಗ್ಗಿ, ಆಕ್ಸಲ್ ತಿರುಚಿಕೊಂಡು, ಟೈರು ಹಿಡಿತ ಬಿಟ್ಟು ಮತ್ತೆ ಹಿಡಿಯುತ್ತದೆ. ಕ್ಷಣಕ್ಕೆ ಹಲವು ಬಾರಿ ನಡೆಯುವ ಈ ಕುಪ್ಪಳಿಸುವಿಕೆಯಿಂದ ಆಕ್ಸಲ್ ಮತ್ತು ಗೇರುಗಳು ಮುರಿಯುವುದುಂಟು. ಇದನ್ನು ತಡೆಯಲೆಂದೇ ಫೋರ್ಡ್ 1980ರ ದಶಕದ ಮಧ್ಯಭಾಗದಲ್ಲಿ ಬಲಶಾಲಿ ಮಾದರಿಗಳ ಆಕ್ಸಲ್‌ಗೆ ಅಡ್ಡಲಾಗಿ ಎರಡು ಹೆಚ್ಚುವರಿ ಷಾಕ್ ಅಬ್ಸಾರ್ಬರ್‌ಗಳನ್ನು ಜೋಡಿಸಿತು.

ಕೆಳಗಿನ ಆರ್ಮ್: ಮೊದಲ ಆಯ್ಕೆ

ಮೂಲ ಕಾರಿನ ಕೆಳ ಆರ್ಮ್‌ಗಳು ಒಂದು ಬದಿ ತೆರೆದಿರುವ, ಪ್ರೆಸ್‌ನಲ್ಲಿ ಬಗ್ಗಿಸಿದ ಉಕ್ಕಿನ ತಗಡಿನವು. ಹೆಚ್ಚಿನ ಬಲಕ್ಕೆ ಅವು ತಿರುಚಿಕೊಳ್ಳುತ್ತವೆ. ಅವುಗಳ ಬದಲಿಗೆ ಪೆಟ್ಟಿಗೆಯಾಕಾರದ ಉಕ್ಕಿನ ಕೊಳವೆಯಿಂದ ಮಾಡಿದ, ಪಾಲಿಯುರೆಥೇನ್ ಬುಷ್‌ಗಳಿರುವ ಆರ್ಮ್‌ಗಳನ್ನು ಹಾಕಿದರೆ ಕುಪ್ಪಳಿಸುವಿಕೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಖರ್ಚಿಗೆ ತಕ್ಕ ಫಲ ಇಲ್ಲಿ ಹೆಚ್ಚು.

ಆದರೆ ಖರೀದಿಗೆ ಮುನ್ನ ಎರಡು ವಿಷಯಗಳನ್ನು ನೋಡಬೇಕು. ಮೂಲ ಸ್ಪ್ರಿಂಗನ್ನೇ ಉಳಿಸಿಕೊಳ್ಳುವುದಾದರೆ ಹೊಸ ಆರ್ಮ್‌ನಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಇರಲೇಬೇಕು. ಓರೆಯಾಗುವಿಕೆಯನ್ನು ತಡೆಯುವ ಹಿಂಬದಿಯ ಸರಳು ಕೆಳ ಆರ್ಮ್‌ಗಳಿಗೇ ಬೋಲ್ಟ್ ಆಗುವುದರಿಂದ ಅದಕ್ಕೆ ಬೇಕಾದ ರಂಧ್ರಗಳೂ ಇರಬೇಕು. ಇವನ್ನು ವಿಚಾರಿಸದೆ ಮಾರಿದ ಮಾಲು ಮರುದಿನವೇ ಅಂಗಡಿಗೆ ಹಿಂದಿರುಗುತ್ತದೆ.

ಮೇಲಿನ ಆರ್ಮ್: ಎಚ್ಚರಿಕೆ ಬೇಕಾದ ಜಾಗ

ಕೆಳಗೆ ಫಲ ಕೊಟ್ಟ ಗಟ್ಟಿ ಬುಷ್ ಮೇಲೆಯೂ ಫಲ ಕೊಡಬಹುದೆಂದು ಭಾವಿಸುವುದು ಸಹಜ. ತೊಡಕು ಹುಟ್ಟುವುದು ಅಲ್ಲಿಯೇ. ಮೇಲಿನ ಬುಷ್‌ಗಳನ್ನೂ ಪಾಲಿಯುರೆಥೇನ್‌ಗೆ ಬದಲಾಯಿಸಿದರೆ ಕಮಾನುಗಳ ವ್ಯತ್ಯಾಸವನ್ನು ನುಂಗಿಕೊಳ್ಳಲು ಮೆತ್ತನೆಯ ವಸ್ತುವೇ ಉಳಿಯುವುದಿಲ್ಲ. ತಿರುವಿನಲ್ಲಿ ಕಾರು ಓರೆಯಾದಾಗ ಸಸ್ಪೆನ್ಷನ್ ಬಿಗಿದುಕೊಳ್ಳುತ್ತದೆ. ಹಿಂದಿನ ಟೈರುಗಳು ಮುನ್ಸೂಚನೆಯಿಲ್ಲದೆ ಜಾರುತ್ತವೆ. ಒದ್ದೆ ರಸ್ತೆಯಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಲ್ಲುದು. ನೇರ ಗೆರೆಯಲ್ಲಿ ಮಾತ್ರ ಓಡುವ ಪಂದ್ಯದ ಕಾರಿಗೆ ಒಪ್ಪುವ ಬಿಡಿಭಾಗ ಮನೆಮಂದಿ ಕುಳಿತು ಹೋಗುವ ಕಾರಿಗೆ ಒಪ್ಪದು.

ಆದುದರಿಂದ ರಸ್ತೆಯ ಕಾರಿನಲ್ಲಿ ಮೇಲಿನ ಆರ್ಮ್‌ಗಳಿಗೆ ಹೊಸ ರಬ್ಬರ್ ಬುಷ್‌ಗಳನ್ನೇ ಹಾಕುವುದು ಸುರಕ್ಷಿತ ಕ್ರಮ. ಗೋಳಾಕಾರದ ಲೋಹದ ಕೀಲುಗಳು ಬಿಗಿದುಕೊಳ್ಳುವುದಿಲ್ಲವಾದರೂ ಸದ್ದನ್ನು ಒಳಕ್ಕೆ ರವಾನಿಸುತ್ತವೆ; ಧೂಳು ನೀರಿಗೆ ಬೇಗ ಸವೆಯುತ್ತವೆ. ಇನ್ನೂ ಹೆಚ್ಚಿನ ಹಿಡಿತ ಬೇಕೆನ್ನುವವರು ಆಕ್ಸಲನ್ನು ಎಡಬಲಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ಸರಳನ್ನು ಸೇರಿಸಿಕೊಳ್ಳುತ್ತಾರೆ. ಫೋರ್ಡ್ ಸಂಸ್ಥೆಯೂ 2005ರ ಮಸ್ಟ್ಯಾಂಗ್‌ನಲ್ಲಿ ನಾಲ್ಕು ಆರ್ಮ್‌ಗಳ ವಿನ್ಯಾಸವನ್ನು ಕೈಬಿಟ್ಟು, ಮೂರು ಆರ್ಮ್ ಮತ್ತು ಪ್ಯಾನ್‌ಹಾರ್ಡ್ ಸರಳಿನ ಏರ್ಪಾಡಿಗೆ ಬಂದಿತು. 2015ರಿಂದ ಎರಡೂ ಚಕ್ರಗಳು ಸ್ವತಂತ್ರವಾಗಿ ಚಲಿಸುವ ವಿನ್ಯಾಸವನ್ನು ಅಳವಡಿಸಿತು.

ಸ್ಪ್ರಿಂಗ್, ಷಾಕ್ ಮತ್ತು ಕಾರಿನ ದೇಹ

ಅಂದಕ್ಕಾಗಿ ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸುವುದು ವಾಡಿಕೆ. ಹಾಗೆ ಮಾಡಿದಾಗ ಆರ್ಮ್‌ಗಳ ಕೋನ ಬದಲಾಗಿ ಟೈರಿನ ಹಿಡಿತ ಕಡಿಮೆಯಾಗುವುದಲ್ಲದೆ, ಗುಂಡಿಯಲ್ಲಿ ಆಕ್ಸಲ್ ದೇಹಕ್ಕೆ ಬಡಿಯುವ ಸಂಭವವೂ ಹೆಚ್ಚುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಅದನ್ನು ಹತೋಟಿಯಲ್ಲಿಡುವ ಷಾಕ್ ಅಬ್ಸಾರ್ಬರ್ ಬೇಕಾಗುವುದರಿಂದ ಎರಡನ್ನೂ ಜೊತೆಯಾಗಿಯೇ ಆರಿಸುವುದು ಲೇಸು.

ಆರ್ಮ್‌ಗಳು ದೇಹಕ್ಕೆ ಸೇರುವ ಭಾಗ ಈ ಕಾರುಗಳ ಪ್ರಸಿದ್ಧ ದೌರ್ಬಲ್ಯ. ಅಲ್ಲಿ ತಗಡು ಬಿರಿದಿದ್ದರೆ ಎಷ್ಟು ಬೆಲೆಬಾಳುವ ಆರ್ಮ್ ಹಾಕಿದರೂ ವ್ಯರ್ಥ. ಆದ್ದರಿಂದ ಖರ್ಚಿನ ಕ್ರಮ ಹೀಗಿರಬೇಕು: ಮೊದಲು ತಪಾಸಣೆ ಮತ್ತು ಬಿರುಕುಗಳ ಬೆಸುಗೆ, ನಂತರ ಕೆಳಗಿನ ಆರ್ಮ್‌ಗಳು, ಆಮೇಲೆ ಸ್ಪ್ರಿಂಗ್ ಮತ್ತು ಷಾಕ್, ಉಳಿದವು ಅವಶ್ಯವೆನಿಸಿದರೆ ಮಾತ್ರ.

ತಯಾರಕರು ಗಮನಿಸಬೇಕಾದ ಅಂಶಗಳು

ಪಾಲಿಯುರೆಥೇನ್ ಬುಷ್‌ನ ಒಳಗಿನ ಲೋಹದ ಕೊಳವೆ ಬುಷ್‌ಗಿಂತ ಕೂದಲೆಳೆಯಷ್ಟು ಉದ್ದವಿರಬೇಕು. ಆಗ ಬೋಲ್ಟಿನ ಬಿಗಿತ ಕೊಳವೆಯ ಮೇಲೆ ಬಿದ್ದು ಬುಷ್ ಸರಾಗವಾಗಿ ತಿರುಗುತ್ತದೆ. ಇಲ್ಲವಾದರೆ ಬುಷ್ ನುಲಿದುಕೊಂಡು ಕಿರುಗುಟ್ಟುತ್ತದೆ. ಗ್ರೀಸ್ ಹಾಕುವ ಅನುಕೂಲವನ್ನು ಆರ್ಮ್‌ನಲ್ಲಿಯೇ ಕಲ್ಪಿಸುವುದು ಒಳ್ಳೆಯದು. ರಬ್ಬರ್ ಬುಷ್‌ನ ವಿಷಯ ಬೇರೆ. ಅದು ಲೋಹಕ್ಕೆ ಅಂಟಿಕೊಂಡಿರುವುದರಿಂದ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಬೋಲ್ಟನ್ನು ಅಂತಿಮವಾಗಿ ಬಿಗಿಯಬೇಕು. ಕಾರನ್ನು ಎತ್ತಿ ನಿಲ್ಲಿಸಿ ಬಿಗಿದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿಯೇ ಉಳಿದು ಬೇಗ ಹರಿಯುತ್ತದೆ. ಇಂತಹ ಸೂಚನೆಗಳ ಒಂದು ಹಾಳೆಯನ್ನು ಪೆಟ್ಟಿಗೆಯೊಳಗಿಟ್ಟರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.

ಅಮೆರಿಕದಲ್ಲಿ ಈ ಉದ್ಯಮಕ್ಕೆ 1963ರಲ್ಲಿ ಸ್ಥಾಪಿತವಾದ ಸೀಮಾ ಎಂಬ ತಯಾರಕರ ಸಂಘದ ಬೆಂಬಲವಿದೆ. ಹೊರಗಿನ ಬಿಡಿಭಾಗ ಹಾಕಿದ ಮಾತ್ರಕ್ಕೆ ವಾಹನದ ವಾರಂಟಿಯನ್ನು ನಿರಾಕರಿಸುವಂತಿಲ್ಲವೆಂಬ ರಕ್ಷಣೆ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯಿಂದ ದೊರೆತಿದೆ. ಭಾರತದ ಪರಿಸ್ಥಿತಿ ಭಿನ್ನ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಇಲ್ಲಿನ ವರ್ತಕರು ಯಾವುದೇ ಮಾರ್ಪಾಡಿನ ಸಾಮಗ್ರಿಯನ್ನು ಮಾರುವ ಮುನ್ನ ಈ ಮಿತಿಯನ್ನು ಗ್ರಾಹಕರಿಗೆ ತಿಳಿಸುವುದು ಕರ್ತವ್ಯ.

ಗ್ರಾಹಕ ಕೇಳಿದ್ದನ್ನೆಲ್ಲ ಕಟ್ಟಿಕೊಡುವ ಅಂಗಡಿಗೆ ಒಂದು ದಿನದ ಲಾಭ ದೊರೆಯಬಹುದು. ಕಾರು ಎಲ್ಲಿ ಓಡುತ್ತದೆ, ಅದರಲ್ಲಿ ಯಾರು ಕೂರುತ್ತಾರೆ ಎಂದು ವಿಚಾರಿಸಿ, ಬೇಡವಾದುದನ್ನು ಬೇಡವೆಂದು ಹೇಳುವ ವರ್ತಕನ ಬಳಿಗೆ ಅದೇ ಗ್ರಾಹಕ ಮತ್ತೆ ಬರುತ್ತಾನೆ.