ಒಸರುವ ದೋಣಿ, ಸಡಿಲಿದ ರಿವೆಟ್ಟು

ಹಳೆಯ ಅಲ್ಯುಮಿನಿಯಂ ಮೀನುದೋಣಿಗೆ ನೀರು ನುಗ್ಗುವುದು ಹೆಚ್ಚಾಗಿ ತಗಡು ತೂತಾದುದರಿಂದಲ್ಲ, ತಗಡನ್ನು ತಗಡಿಗೆ ಕಚ್ಚಿಸಿದ ರಿವೆಟ್ಟುಗಳು ಸಡಿಲಿದುದರಿಂದ. ಅಮೆರಿಕದ ಮಿನ್ನೆಸೋಟಾ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ಸರೋವರದ ದಂಡೆಗಳಲ್ಲಿ ಇಂಥ ದೋಣಿಗಳು ಲೆಕ್ಕವಿಲ್ಲದಷ್ಟಿವೆ. 12ರಿಂದ 16 ಅಡಿ ಉದ್ದ, ಇಬ್ಬರು ಮೂವರು ಕೂರುವಷ್ಟು ಜಾಗ, ಹಿಂಬದಿಗೆ ನೇತುಹಾಕಿದ ಪುಟ್ಟ ಎಂಜಿನ್. ಅಜ್ಜ ಕೊಂಡಿದ್ದನ್ನು ಮೊಮ್ಮಗ ನೀರಿಗಿಳಿಸುವುದು ಅಲ್ಲಿ ವಿಶೇಷವೇನಲ್ಲ. ಆ ಮೊಮ್ಮಗನಿಗೆ ಮೊದಲು ಕಾಣುವುದೇ ಕಾಲಬುಡದಲ್ಲಿ ನಿಂತ ನೀರು.

ಈ ದೋಣಿಗಳ ಮೂಲ ಇರುವುದು ವಿಮಾನ ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಯುದ್ಧವಿಮಾನ ಕಟ್ಟಿಕೊಟ್ಟ ಗ್ರಮ್ಮನ್ ಕಂಪನಿ, ಯುದ್ಧ ಮುಗಿಯುತ್ತಿದ್ದಂತೆ 1945ರಲ್ಲಿ ಅದೇ ಲೋಹ, ಅದೇ ಕೌಶಲದಿಂದ ಕೆನೂ ಎಂಬ ಕಿರುದೋಣಿಗಳನ್ನು ಅಲ್ಯುಮಿನಿಯಂನಲ್ಲಿ ತಯಾರಿಸತೊಡಗಿತು. 1948ರಲ್ಲಿ ಮಿನ್ನೆಸೋಟಾದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಅಲ್ಯುಮಿನಿಯಂ ಮೀನುದೋಣಿ ಕಟ್ಟುವ ಲುಂಡ್ ಕಂಪನಿ ಹುಟ್ಟಿತು. ವಿಮಾನದ ರೆಕ್ಕೆಯಂತೆಯೇ ಇಲ್ಲೂ ತೆಳು ತಗಡುಗಳ ಅಂಚನ್ನು ಒಂದರ ಮೇಲೊಂದು ಹೊದಿಸಿ, ಸಾಲಾಗಿ ತೂತು ಕೊರೆದು ರಿವೆಟ್ ಹೊಡೆಯುತ್ತಾರೆ. ತಗಡಿನ ದಪ್ಪ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಮಿಲಿಮೀಟರ್. ಉಕ್ಕಿನ ಮೂರನೇ ಒಂದು ಭಾಗದಷ್ಟೇ ಭಾರದ ಲೋಹವಾದ್ದರಿಂದ 14 ಅಡಿಯ ದೋಣಿಯೂ ಸುಮಾರು ನೂರು ಕೆಜಿ ತೂಗುತ್ತದೆ. ಇಬ್ಬರು ಹಿಡಿದರೆ ದಡಕ್ಕೆ ಎಳೆದುಬಿಡಬಹುದು.

ತೆಳುವಾದ ದೋಣಿ ಬಳುಕುತ್ತದೆ, ಸೋರಿಕೆ ಶುರುವಾಗುವುದು ಈ ಬಳುಕಿನಿಂದಲೇ. ಅಲೆ ಬಡಿದಾಗ, ಎಂಜಿನ್ ನಡುಗಿದಾಗ, ಟ್ರೇಲರ್ ಮೇಲೆ ಹೇರಿಕೊಂಡು ಕಲ್ಲುರಸ್ತೆಯಲ್ಲಿ ಎಳೆದಾಗ ಎರಡು ತಗಡುಗಳು ಕೂದಲೆಳೆಯಷ್ಟು ಜರುಗುತ್ತವೆ. ದಶಕಗಳ ಕಾಲ ಹೀಗೆ ಜರುಗಿದರೆ ರಿವೆಟ್ಟಿನ ತೂತು ಅಗಲವಾಗುತ್ತದೆ, ಹೊಲಿಗೆಯೊಳಗೆ ಕಾರ್ಖಾನೆಯಲ್ಲಿ ಹಚ್ಚಿದ್ದ ಮೇಣದಂಥ ಸೀಲೆಂಟ್ ಒಣಗಿ ಬಿರುಕು ಬಿಡುತ್ತದೆ. ಉಳಿದ ಕೆಲಸವನ್ನು ಆ ಸೀಮೆಯ ಚಳಿಗಾಲ ಮಾಡಿ ಮುಗಿಸುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ಸಂದಿಯಲ್ಲಿ ಉಳಿದ ಹನಿ ಮಂಜುಗಡ್ಡೆಯಾಗಿ ಬೆಣೆಯಂತೆ ತಗಡನ್ನು ಬಿಡಿಸುತ್ತದೆ.

ದೋಣಿಯೊಳಗಿನ ನೀರೆಲ್ಲ ಸೋರಿ ಬಂದದ್ದೇ ಆಗಬೇಕಿಲ್ಲ. ಹಿಂಬದಿಯ ತಳದಲ್ಲಿ ನೀರು ಬಸಿಯುವ ತೂತಿಗೊಂದು ಬಿರಡೆ ಇರುತ್ತದೆ. ಅದರ ರಬ್ಬರ್ ಗಟ್ಟಿಯಾದರೆ, ಅಥವಾ ಬಿರಡೆಯ ಸುತ್ತಲಿನ ಕೊಳವೆ ಸಡಿಲಾದರೆ, ಸಾವಿರ ರಿವೆಟ್ ತಟ್ಟಿದರೂ ಫಲವಿಲ್ಲ. ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಯ ಪೈಪು, ಎಂಜಿನ್ ಕೂರಿಸಿದ ಬೋಲ್ಟಿನ ತೂತುಗಳು, ಎಂದೋ ಯಾರೋ ತಿರುಗಿಸಿ ಕಿತ್ತ ಸ್ಕ್ರೂಗಳ ಗುರುತು ಇವನ್ನೆಲ್ಲ ಮೊದಲು ನೋಡಬೇಕು. ಬಿರಡೆ ಹಾಕುವುದನ್ನೇ ಮರೆತು ದೋಣಿ ಇಳಿಸಿದವರೂ ಕಡಿಮೆಯೇನಿಲ್ಲ.

ಸೋರಿಕೆ ಪತ್ತೆಗೆ ನಂಬಬಹುದಾದ ವಿಧಾನ ತಲೆಕೆಳಗಿನದು: ದೋಣಿಯನ್ನು ನೀರಿಗಿಳಿಸುವ ಬದಲು ನೀರನ್ನೇ ದೋಣಿಗೆ ತುಂಬುವುದು. ಟ್ರೇಲರ್ ಮೇಲಿಟ್ಟು, ಬಿರಡೆ ಬಿಗಿದು, ನೆಲದ ಹಲಗೆಗಳನ್ನು ಕಿತ್ತು ತೆಗೆದು, ಹೊರತಳವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ ಒಳಗೆ ಕೊಳವೆಯಿಂದ ನೀರು ಬಿಡುತ್ತಾರೆ. ಇಲ್ಲಿ ಅತ್ಯಾಸೆ ಕೂಡದು. ನಾಲ್ಕು ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ತಳದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೇ 500 ಲೀಟರ್, ಅಂದರೆ ಅರ್ಧ ಟನ್ ಭಾರ. ತಳಕ್ಕೆ ಉದ್ದಕ್ಕೂ ಆಸರೆ ಇಲ್ಲದಿದ್ದರೆ ಆ ಭಾರವೇ ಹೊಸ ಸೋರಿಕೆಗಳನ್ನು ಹುಟ್ಟಿಸುತ್ತದೆ. ಹಾಗಾಗಿ ಸ್ವಲ್ಪಸ್ವಲ್ಪವೇ ತುಂಬಿ, ಪ್ರತಿ ಸಲವೂ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಬೇಕು.

ಮೊದಲು ತೊಟ್ಟಿಕ್ಕಿದ ಕಡೆಯೇ ತಪ್ಪು ಇದೆ ಎಂದು ತಿಳಿಯುವುದು ಎಲ್ಲರೂ ಮಾಡುವ ಎಡವಟ್ಟು. ಒಸರಿದ ನೀರು ತಗಡಿಗಂಟಿ ಇಳಿಜಾರಿನಲ್ಲಿ ಹರಿದು, ತಳದ ನಡುವಿನ ಏಣಿನ ಹತ್ತಿರವೋ ಯಾವುದೋ ರಿವೆಟ್ಟಿನ ತಲೆಯ ಮೇಲೋ ಹನಿಯಾಗಿ ನಿಲ್ಲುತ್ತದೆ. ಹನಿಯನ್ನು ಒರೆಸಿ, ಮತ್ತೆ ಎಲ್ಲಿ ತೇವ ಏಳುತ್ತದೆ ಎಂದು ಕಾದು ನೋಡಿ, ಮೇಲಕ್ಕೆ ಮೇಲಕ್ಕೆ ಹುಡುಕುತ್ತ ಹೋಗಬೇಕು. ತಳಕ್ಕೆ ಸೀಮೆಸುಣ್ಣ ಬಳಿದಿಟ್ಟರೆ ತೇವದ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಸಿಕ್ಕಿದ ಪ್ರತಿ ಜಾಗಕ್ಕೂ ಅಳಿಸದ ಮಾರ್ಕರಿನಿಂದ ವೃತ್ತ ಹಾಕುತ್ತಾರೆ. ಧಾರೆಯಾಗಿ ಸುರಿಯುವುದಕ್ಕೆ ಒಂದು ಗುರುತು, ಬರೀ ಬೆವರುವುದಕ್ಕೆ ಇನ್ನೊಂದು. ನೀರು ಬಸಿದು ಹೋದ ಮೇಲೆ ಎಲ್ಲ ರಿವೆಟ್ಟುಗಳೂ ಒಂದೇ ಥರ ಕಾಣುವುದರಿಂದ ಈ ಗುರುತುಗಳಿಲ್ಲದೆ ಮುಂದಿನ ಕೆಲಸ ಸಾಗದು.

ತಗಡೇ ತೂತಾಗಿದ್ದರೆ ಕಾರಣ ಬೇರೆ. ಅಲ್ಯುಮಿನಿಯಂ ಗಾಳಿ ತಗುಲಿದೊಡನೆ ತನ್ನ ಮೇಲೆ ತಾನೇ ಗಟ್ಟಿ ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ. ಅದೇ ಅದರ ಕವಚ. ಒದ್ದೆ ಕಾರ್ಪೆಟ್ಟಿನ ಕೆಳಗೆ ಗಾಳಿಯಾಡದೆ ತೇವ ಕೂತಾಗ ಆ ಪೊರೆ ಕೂಡಿಕೊಳ್ಳಲಾರದೆ, ಉಪ್ಪು ಹಾಕಿಟ್ಟ ಅಲ್ಯುಮಿನಿಯಂ ಪಾತ್ರೆಯ ತಳದಂತೆ ಬಿಳಿ ಪುಡಿ ಎದ್ದು ಗುಳಿ ಬೀಳುತ್ತದೆ. ತಾಮ್ರವಂತೂ ಅಲ್ಯುಮಿನಿಯಂಗೆ ಹಗೆ. ನೀರಿನಲ್ಲಿ ಇವೆರಡೂ ತಾಗಿದರೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯುಮಿನಿಯಂ ಕರಗುತ್ತದೆ. ಮೀನುಗಾರನ ಜೇಬಿನಿಂದ ತಳಕ್ಕೆ ಜಾರಿದ ಒಂದು ಸೆಂಟ್ ನಾಣ್ಯ, ತುಂಡು ವೈರು, ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು, ವರ್ಷಗಳಲ್ಲಿ ಅಷ್ಟೇ ಗಾತ್ರದ ತೂತು ಸಿದ್ಧ. ಪಾಚಿ ಹತ್ತದಿರಲೆಂದು ಬಳಿಯುವ ತಾಮ್ರಮಿಶ್ರಿತ ಬಣ್ಣವೂ ಈ ದೋಣಿಗಳಿಗೆ ಆಗದು.

ಸಡಿಲಿದ ರಿವೆಟ್ಟಿಗೆ ಮೊದಲ ಮದ್ದು ಮತ್ತೆ ಬಡಿಯುವುದು. ಇದಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ರಿವೆಟ್ಟಿನ ಬಾಲಕ್ಕೆ ಭಾರವಾದ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಹೊರಗಿನಿಂದ ತಲೆಯ ಮೇಲೆ ಸುತ್ತಿಗೆಯಿಂದ ತಟ್ಟುತ್ತಾನೆ. ಒಳಗಿನ ಬಾಲ ಚಪ್ಪಟೆಯಾಗಿ ತಗಡನ್ನು ಮತ್ತೆ ಬಿಗಿಯುತ್ತದೆ. ನಾಲ್ಕಾರು ಹೊಡೆತ ಸಾಕು. ಸಿಟ್ಟಿನಿಂದ ಬಡಿದರೆ ಸುತ್ತಲಿನ ತಗಡು ತಗ್ಗಾಗಿ ಪಕ್ಕದ ರಿವೆಟ್ ಒಸರಲು ಹಿಡಿಯುತ್ತದೆ.

ತಟ್ಟಿದರೂ ಅಲ್ಲಾಡುವುದನ್ನು ಕಿತ್ತೇ ಹಾಕಬೇಕು. ತಲೆಯ ನಟ್ಟನಡುವೆ ಗುರುತು ಕುಟ್ಟಿ, ಡ್ರಿಲ್ಲಿನಿಂದ ತಲೆ ಹಾರಿಸಿ, ಉಳಿದ ಕಾಂಡವನ್ನು ಒಳಕ್ಕೆ ತಳ್ಳುತ್ತಾರೆ. ತೂತು ಅಗಲವಾಗಿದ್ದರೆ ಒಂದು ಅಳತೆ ದಪ್ಪದ ರಿವೆಟ್ ಬೇಕು. ಗಟ್ಟಿ ರಿವೆಟ್ಟಿನ ಕಾಂಡ ತಗಡುಗಳನ್ನು ದಾಟಿ ತನ್ನ ದಪ್ಪದ ಒಂದೂವರೆಯಷ್ಟು ಹೊರಚಾಚಿದ್ದರೆ ಬಾಲ ಸರಿಯಾಗಿ ಕೂರುತ್ತದೆ. ಒಳಗೆ ಕೈ ಹೋಗದ ಕಡೆ ಪಾಪ್ ರಿವೆಟ್ ಬಳಸುವುದುಂಟು. ಆದರೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪಾಪ್ ರಿವೆಟ್ಟಿನ ನಡುವೆ ಟೊಳ್ಳು ಇರುವುದರಿಂದ ಅದೇ ಹೊಸ ಸೋರಿಕೆ. ತುದಿ ಮುಚ್ಚಿದ ಜಾತಿಯದೇ ಬೇಕು. ಯಾವುದೇ ಆದರೂ ಸೀಲೆಂಟಿನಲ್ಲಿ ಅದ್ದಿಯೇ ಕೂರಿಸಬೇಕು.

ಅಂಟಿನ ವಿಚಾರದಲ್ಲಿ ದೋಣಿ ಬಳುಕುತ್ತದೆ ಎಂಬುದನ್ನು ಮರೆತವರೇ ಹೆಚ್ಚು. ಕರ್ನಾಟಕದ ಮನೆಗಳಲ್ಲಿ ನಲ್ಲಿ ಪೈಪಿಗೆ ಮೆತ್ತುವ ಎಂ-ಸೀಲ್‌ನಂಥ ಕಲ್ಲಾಗುವ ಎಪಾಕ್ಸಿ, ನಿಂತ ಪೈಪಿಗೆ ಸರಿ. ಜರುಗುವ ಹೊಲಿಗೆಯಲ್ಲಿ ಒಂದೆರಡು ಹಂಗಾಮಿನಲ್ಲೇ ಬಿರಿಯಬಹುದು. ಸಿಲಿಕೋನ್ ಇನ್ನೂ ಕಷ್ಟ. ಅದು ಸುಲಿದುಬಂದ ಮೇಲೂ ಉಳಿಸಿಹೋಗುವ ಜಿಡ್ಡಿನ ಮೇಲೆ ಬೇರೇನೂ ಹಿಡಿಯದು. ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗುವ, ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲೆಂಟ್ ಉದ್ದನೆಯ ಹೊಲಿಗೆಗಳಿಗೆ ಒಗ್ಗುತ್ತದೆ. ನೂರಾರು ರಿವೆಟ್ ಬೆವರುತ್ತಿದ್ದರೆ ಗ್ಲುವಿಟ್‌ನಂಥ ತೆಳು, ಬಳುಕುವ ಎಪಾಕ್ಸಿಯನ್ನು ಒಳಗಿನಿಂದ ಬ್ರಶ್ಶಿನಲ್ಲಿ ಬಳಿಯುತ್ತಾರೆ. ತಗಡನ್ನು ಬಿಸಿಗಾಳಿಯಿಂದ ಬೆಚ್ಚಗಾಗಿಸಿಕೊಂಡರೆ ಅದು ನೀರಾಗಿ ಸಂದಿಗಿಳಿಯುತ್ತದೆ. ಇವೆಲ್ಲಕ್ಕೂ ಮುಂಚೆ ಹಳೆ ಬಣ್ಣ, ಜಿಡ್ಡು, ಬಿಳಿ ಪುಡಿಯನ್ನು ಸ್ಟೇನ್‌ಲೆಸ್ ತಂತಿಯ ಬ್ರಶ್ಶಿನಿಂದ ಉಜ್ಜಿ, ಅಸಿಟೋನಿನಲ್ಲಿ ಒರೆಸಬೇಕು. ಮಾಮೂಲಿ ಕಬ್ಬಿಣದ ಬ್ರಶ್ ಬಳಸಿದರೆ ಅದರ ಚೂರುಗಳು ತಗಡಿನಲ್ಲಿ ಹೂತು ಮುಂದೆ ತುಕ್ಕು ಹುಟ್ಟಿಸುತ್ತವೆ. ಕೆಲಸದ ಮುಕ್ಕಾಲು ಪಾಲು ಬೇಸರದ ಈ ಉಜ್ಜಾಟವೇ.

ಬಿರುಕಿಗೆ ಬೇರೆ ಉಪಾಯ. ಬಿರುಕಿನ ಎರಡೂ ತುದಿಯಲ್ಲಿ ಮೂರು ಮಿಲಿಮೀಟರಿನ ತೂತು ಕೊರೆದರೆ ಒತ್ತಡ ಹಂಚಿಹೋಗಿ ಬಿರುಕು ಮುಂದೆ ಓಡುವುದಿಲ್ಲ. ಮೇಲೆ ಅದೇ ಜಾತಿಯ ಮಿಶ್ರಲೋಹದ ತೇಪೆಯನ್ನು, ಮೂಲೆ ದುಂಡಾಗಿಸಿ, ಸೀಲೆಂಟ್ ಹಚ್ಚಿ ರಿವೆಟ್ ಹೊಡೆಯಬೇಕು. ಬೆಸುಗೆ ಹಾಕಿಸಿದರೆ ಒಂದೇ ಸಲಕ್ಕೆ ಮುಗಿಯಿತಲ್ಲ ಎನಿಸುವುದು ಸಹಜ. ಆದರೆ ಅಲ್ಯುಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು; ಪೊರೆ ಉಳಿದಿರುವಾಗಲೇ ತಗಡು ಕುಸಿದು ಬೀಳುತ್ತದೆ. ಜೊತೆಗೆ ಬೆಸುಗೆಯ ಕಾವು ಪಕ್ಕದ ಹೊಲಿಗೆಯ ಸೀಲೆಂಟನ್ನು ಸುಟ್ಟು, ರಿವೆಟ್ಟುಗಳನ್ನು ಸಡಿಲಿಸುತ್ತದೆ. ರಿವೆಟ್ ದೋಣಿಗೆ ಬೆಸುಗೆ ಕೊನೆಯ ದಾರಿ, ಅದೂ ಪಳಗಿದ ಕೈಯಿಂದ.

ಎಂಜಿನ್ ಹೊರುವ ಹಿಂಬದಿಯ ಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ಅದು ಕೊಳೆತಿದ್ದರೆ ಎಂಜಿನ್ ಅಲುಗಿದಂತೆಲ್ಲ ಮೂಲೆಯ ರಿವೆಟ್ಟುಗಳು ಬಾಯಿ ಬಿಡುತ್ತವೆ. ಮರ ಬದಲಿಸದೆ ರಿವೆಟ್ ಬದಲಿಸಿ ಉಪಯೋಗವಿಲ್ಲ. ಹೊಸದಾಗಿ ಹಾಕುವ ಮರ ತಾಮ್ರದ ರಾಸಾಯನಿಕ ಕುಡಿಸಿದ್ದಾಗಿರಬಾರದು. ಆಸನದ ಕೆಳಗಿನ ಫೋಮನ್ನೂ ಒತ್ತಿ ನೋಡುವುದು ಒಳ್ಳೆಯದು. ದೋಣಿ ಮಗುಚಿದರೂ ತೇಲಿಸಬೇಕಾದ ಅದು ನೀರು ಕುಡಿದು ಕೂತಿದ್ದರೆ ಭಾರವೂ ಹೌದು, ತಗಡಿಗೆ ಸದಾ ಒದ್ದೆಬಟ್ಟೆ ಸುತ್ತಿದಂತೆಯೂ ಹೌದು.

ಅಂಟು ಪೂರ್ತಿ ಗಟ್ಟಿಯಾಗಲು ಕೆಲವು ಬಗೆಗಳಿಗೆ ಐದರಿಂದ ಏಳು ದಿನ ಬೇಕು. ಆಮೇಲೆ ಮತ್ತೆ ನೀರು ತುಂಬಿ ಹಳೆಯ ವೃತ್ತಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. ನಿಂತ ದೋಣಿಯಲ್ಲಿ ಒಣಗಿಯೇ ಇದ್ದ ರಿವೆಟ್ಟುಗಳಲ್ಲಿ ಕೆಲವು ಅಲೆಯ ಹೊಡೆತಕ್ಕೆ ಮಾತ್ರ ಬಾಯಿ ತೆರೆಯುತ್ತವೆ. ಆದ್ದರಿಂದ ಕೊನೆಯ ಪರೀಕ್ಷೆ ಸರೋವರದಲ್ಲೇ: ಜನ ಕೂರಿಸಿ, ಎಂಜಿನ್ ಜೋರಾಗಿ ಓಡಿಸಿ, ದಡಕ್ಕೆ ಬಂದು ಬಿರಡೆ ಕಿತ್ತು, ಹರಿದುಬಂದ ನೀರನ್ನು ಅಳೆಯುವುದು. ದಿನವಿಡೀ ತಿರುಗಿ ಬಂದ ಮೇಲೆ ಒಂದೆರಡು ಚೊಂಬು ನೀರು ಬಂದರೆ ಆ ವಯಸ್ಸಿನ ದೋಣಿಗೆ ಅದು ಸಾಮಾನ್ಯ. ಬಕೆಟ್ ತುಂಬಿದರೆ ಮಾರ್ಕರ್ ಮತ್ತೆ ಕೈಗೆ ಬರಬೇಕು.