ದೇವದುರ್ಗಕ್ಕೊಂದು ಇಂಟರ್‌ಕಾಮ್

ರಾಯಚೂರಿನಲ್ಲಿ ಜಿಲ್ಲಾ ಕಚೇರಿ, ದೇವದುರ್ಗ ಮತ್ತು ಮಾನ್ವಿಯಲ್ಲಿ ತಾಲ್ಲೂಕು ಕಚೇರಿ ಇರುವ ಯಾವುದೇ ಇಲಾಖೆಗೆ ಎದುರಾಗಬಹುದಾದ ಪ್ರಶ್ನೆ ಇದು: ಕಚೇರಿಯ ಒಳಕರೆಗಳನ್ನು ಜೋಡಿಸುವ, ಗೋಡೆಯ ಮೇಲಿನ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಐಪಿ ಫೋನು ಕೊಳ್ಳಬೇಕೆ? ಮಾರುವವರು ಹೌದೆನ್ನುತ್ತಾರೆ. ಬೇಕಿಲ್ಲ ಎಂಬುದು ನನ್ನ ವಾದ. 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಶುರುಮಾಡಿದ, ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ಎಕ್ಸ್‌ಚೇಂಜನ್ನು ಎಸಿ ಇಲ್ಲದೆಯೂ ಓಡುವಂತೆ ರೂಪಿಸಿದ್ದರು. ಆ ಪೀಳಿಗೆಯ ಇಪಿಎಬಿಎಕ್ಸ್ ಪೆಟ್ಟಿಗೆಗಳೂ ಗಟ್ಟಿ. ಕಟ್ಟಡದೊಳಗಿನ ಎಕ್ಸ್‌ಟೆನ್ಷನ್‌ಗಳಿಗೆ ಅವು ಇವತ್ತಿಗೂ ಸಾಕು. ಹಳತಾಗಿರುವುದು ಊರಿಂದ ಊರಿಗೆ ಮಾತು ಹೋಗುವ ದಾರಿ. ರಾಯಚೂರಿಗೆ 08532, ದೇವದುರ್ಗಕ್ಕೆ 08531, ಮಾನ್ವಿಗೆ 08538: ಒಂದೇ ಜಿಲ್ಲೆಯೊಳಗೆ ಮೂರು ಎಸ್‌ಟಿಡಿ ಕೋಡು.

ಹಳೆಯ ಪದ್ಧತಿಯ ಕರೆ ಎಂದರೆ ಒಬ್ಬನೇ ಪ್ರಯಾಣಿಕ ಮಾನ್ವಿಗೆ ಇಡೀ ಬಸ್ಸನ್ನು ಗುತ್ತಿಗೆ ಹಿಡಿದಂತೆ. ಬಾಯಿ ಬಿಡದೆ ಕೂತರೂ ಬಸ್ಸು ಅವನದೇ. ವಾಯ್ಸ್ ಓವರ್ ಐಪಿಯಾದರೋ ಮಾತನ್ನು ಪಾರ್ಸೆಲ್ಲು ಕಟ್ಟಿ, ಹೇಗೂ ಹೊರಟ ಬಸ್ಸಿಗೆ ಹಾಕುತ್ತದೆ. ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುವುದು 1972ರ ಜಿ.711 ಮಾನದಂಡ. 20 ಮಿಲಿಸೆಕೆಂಡಿನ ಮಾತಿಗೆ 160 ಬೈಟ್, ಮೇಲಿನ ವಿಳಾಸದ ಚೀಟಿಗೆ 40 ಬೈಟ್. ಜಿ.729ರಲ್ಲಿ ಹಿಂಡಿದರೆ ಸರಕು 20 ಬೈಟಿಗೆ ಇಳಿಯುತ್ತದೆ, ಚೀಟಿ ಮಾತ್ರ ಅದೇ 40! ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು. ಆದರೂ ಒಂದು ಕಡೆಯ ಮಾತಿಗೆ ಸೆಕೆಂಡಿಗೆ 24 ಕಿಲೋಬಿಟ್ಟೇ ಸಾಕು. ಸರ್ಕಾರಿ ಕಚೇರಿಗಳನ್ನು ಬೆಸೆಯುವ ಕೆ-ಸ್ವಾನ್ ಬಗೆಯ ರಾಜ್ಯ ಜಾಲಗಳಿಗೆ ಕೇಂದ್ರ ಸರ್ಕಾರ 2005ರಲ್ಲಿ ಗೊತ್ತುಮಾಡಿದ್ದ ಕನಿಷ್ಠ ವೇಗವೇ 2 ಮೆಗಾಬಿಟ್; ಒಮ್ಮೆಗೇ ಹತ್ತು ಕರೆ ಹೋದರೂ ಅದರ ಎಂಟನೇ ಒಂದು ಪಾಲು ತುಂಬುವುದಿಲ್ಲ. ಹಳೆ ಪೆಟ್ಟಿಗೆಯ ಮಾತನ್ನು ಐಪಿ ಪಾರ್ಸೆಲ್ಲಾಗಿಸುವ ಗೇಟ್‌ವೇ ಪ್ರತಿ ಊರಿಗೊಂದು ಬೇಕು, ಅಷ್ಟೆ. ಟ್ರಂಕ್ ಲೈನು ಸೇರುವ ಕಿಂಡಿಗೇ ಅದನ್ನು ಜೋಡಿಸಿದರೆ, ಇಪಿಎಬಿಎಕ್ಸ್ ಅದನ್ನೂ ಒಂದು ಲೈನೆಂದೇ ನಂಬುತ್ತದೆ.

ಎಲ್ಲರಲ್ಲೂ ಮೊಬೈಲಿದೆಯಲ್ಲ ಎನ್ನಬಹುದು. ಆದರೆ ಮೊಬೈಲ್ ನಂಬರು ಮನುಷ್ಯನದು, ಎಕ್ಸ್‌ಟೆನ್ಷನ್ನು ಕುರ್ಚಿಯದು; ವರ್ಗಾವಣೆಯಾದವರ ಹಿಂದೆ ಅದು ಹೋಗುವುದಿಲ್ಲ. ಮಾತು ತಡವಾಗುತ್ತದೆಂಬ ಆಕ್ಷೇಪ ಇನ್ನೂ ತೂಕದ್ದು. 150 ಮಿಲಿಸೆಕೆಂಡಿನೊಳಗಿನ ತಡ ಸಾಮಾನ್ಯವಾಗಿ ಕಿವಿಗೆ ತಿಳಿಯದು; ಫೈಬರ್ ದಾರಿ ಬೆಂಗಳೂರು ಸುತ್ತಿ ಬಂದರೂ ಅದಕ್ಕೆ ತಗಲುವುದು ಕೆಲವೇ ಮಿಲಿಸೆಕೆಂಡು. ಕಾಯಿಸುವುದು ರೌಟರಿನೆದುರಿನ ಸಾಲು. ದೊಡ್ಡ ಫೈಲುಗಳನ್ನು ಹಿಂದೆ ನಿಲ್ಲಿಸಿ ಮಾತಿಗೆ ಮೊದಲ ಸರದಿ ಕೊಡುವ ಸೌಲಭ್ಯ ಅದರಲ್ಲೇ ಇರುತ್ತದೆ. ‘ಎಲ್ಲ ಕರೆಯೂ ಉಚಿತ’ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ: ಕಚೇರಿಗಳ ಖಾಸಗಿ ಜಾಲದಲ್ಲಿ ಬಂದ ಕರೆಯನ್ನು ಇನ್ನೊಂದು ಊರಿನಲ್ಲಿ ಸಾರ್ವಜನಿಕ ಫೋನಿಗೆ ಇಳಿಸಿ ಎಸ್‌ಟಿಡಿ ದರ ತಪ್ಪಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಇನ್ನು ಕರೆಂಟು. ಹಳೆ ಮೇಜಿನ ಫೋನು ಎಕ್ಸ್‌ಚೇಂಜಿನಿಂದ ಬರುವ ವಿದ್ಯುತ್ತಿನಲ್ಲೇ ಬದುಕುತ್ತದೆ. ಗೇಟ್‌ವೇ, ರೌಟರುಗಳಿಗೆ ಬೇರೆ ಬ್ಯಾಟರಿ ಬೇಕು. ಅದೂ ಮುಗಿದ ಹೊತ್ತಿಗೆಂದು ಪ್ರತಿ ಕಚೇರಿಯಲ್ಲಿ ಒಂದಾದರೂ ತಾಮ್ರದ ಲೈನನ್ನು ಕೀಳದೆ ಬಿಡಬೇಕು.