ಬದನೆ ಸೊರಗಿದ ದಿನ

ಕಾರವಾರದ ರವಿವಾರದ ಸಂತೆಗೆ ಬೆಳಕು ಹರಿಯುವಾಗಲೇ ಹೋದರೆ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿ ಇಳಿಸುವುದು ಕಾಣುತ್ತದೆ. ಕೊರಳ ತುಂಬ ಮಣಿಸರ, ಮುಂದೆ ಬಸಳೆ ಕಟ್ಟು, ಕೆಂಪು ಹರಿವೆ, ಮೊಗೆಕಾಯಿ, ಬದನೆ. ಹಿತ್ತಲಲ್ಲೋ ಗದ್ದೆಯ ಬದಿಯಲ್ಲೋ ಬೆಳೆದ ತರಕಾರಿ ಅದು. ಬೀಜ ಹಾಕಿದ್ದು ಯಾವಾಗ ಎಂದು ಕೇಳಿದರೆ ತಾರೀಖು ಸಿಗುವುದಿಲ್ಲ, ಮಳೆಯ ಹೆಸರು ಸಿಗುತ್ತದೆ. ಮೇ ಕೊನೆಯ ವಾರದ ರೋಹಿಣಿ, ಜೂನ್ 7–8ರ ಮೃಗಶಿರಾ, 21–22ರ ಆರಿದ್ರಾ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಈ ಕರಾವಳಿಯಲ್ಲಿ ಹಿತ್ತಲಿನ ಲೆಕ್ಕವನ್ನೆಲ್ಲ ಅವರು ಮಳೆಯ ಮೇಲೆಯೇ ಇಟ್ಟಿದ್ದಾರೆ.

ಆ ಲೆಕ್ಕ ಇರುವುದು ತಲೆಯೊಳಗೆ. ಅದೇ ಸಮುದಾಯದ, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿತವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಬೆಳೆಸಿದರು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಎಂಬುದು ಅವರಿಗೆ ಬಾಯಿಪಾಠ. 2021ರಲ್ಲಿ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ಪಡೆದ ಆ ಅಜ್ಜಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರೊಂದಿಗೆ ಎಷ್ಟು ಹೋಯಿತೋ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. ದಿನವಿಡೀ ಮಣ್ಣಿನಲ್ಲೇ ಇದ್ದವರಿಗೆ ನೆನಪೇ ಸಾಕಿತ್ತು. ಬೆಳಗ್ಗೆ ಒಂದು ಗಳಿಗೆ, ಸಂಜೆ ಒಂದು ಗಳಿಗೆ ಹಿತ್ತಲಿಗೆ ಇಳಿಯುವ ನಮ್ಮಂಥವರು ಬರೆದಿಡಲೇಬೇಕು.

ನಾನು ಬರೆಯುವುದು ಹಾಲಿನ ಲೆಕ್ಕದ ಗೋಡೆ ಕ್ಯಾಲೆಂಡರಿನಲ್ಲಿ. ಅದರಲ್ಲಿ ಮಳೆ ನಕ್ಷತ್ರವೂ ಅಚ್ಚಾಗಿರುತ್ತದೆ, ಬೇರೆ ಪುಸ್ತಕ ಹುಡುಕುವ ಕೆಲಸವಿಲ್ಲ. ಮೂರು ವರ್ಷದ ಹಿಂದೆ ಹೂ ಬಿಟ್ಟು ನಿಂತಿದ್ದ ಬದನೆ ಗಿಡ ಹಸಿರಾಗಿದ್ದಂತೆಯೇ ಎರಡೇ ದಿನದಲ್ಲಿ ಜೋತುಬಿತ್ತು. ಹಟ್ಟಿಗೊಬ್ಬರ ಹೆಚ್ಚಾಯಿತು ಅಂದುಕೊಂಡೆ. ಮರುವರ್ಷವೂ ಹಾಗೇ ಆಯಿತು. ಗೊಣ್ಣೆಹುಳ ಬೇರು ತಿಂದಿರಬೇಕು ಎಂದು ಮಣ್ಣು ಕೆದಕಿದೆ, ಒಂದೂ ಸಿಗಲಿಲ್ಲ. ಮೂರನೆಯ ವರ್ಷವೂ ಗಿಡ ಸತ್ತಾಗ ಹಳೆಯ ಎರಡೂ ಕ್ಯಾಲೆಂಡರ್ ತೆಗೆದು ನೆಲದ ಮೇಲೆ ಹರವಿದೆ. ಮೂರು ಸಲವೂ ಸತ್ತದ್ದು ಸೂರಿನ ನೀರು ನಿಲ್ಲುವ ಮೂಡಣ ಮೂಲೆಯಲ್ಲಿ. ಅದೇ ಮೂಲೆಯಲ್ಲಿ ನಡುವೆ ಮೆಣಸು, ಟೊಮೆಟೊ ಕೂಡ ಹಾಕಿದ್ದೆ.

ಸತ್ತ ಗಿಡದ ಕಾಂಡವನ್ನು ಬುಡದಲ್ಲಿ ಕೊಯ್ದು ಗಾಜಿನ ಲೋಟದ ನೀರಿಗೆ ತಾಗಿಸಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕೊಯ್ದ ಬಾಯಿಂದ ಹಾಲಿನ ಎಳೆಯಂಥದು ನೀರಿಗೆ ಇಳಿಯತೊಡಗಿತು. ದುಂಡಾಣು ಸೊರಗು ರೋಗ. ಬಿಸಿ, ತೇವ, ಹುಳಿ ಮಣ್ಣು ಅದಕ್ಕೆ ಹೇಳಿಮಾಡಿಸಿದ್ದು, ನಮ್ಮಲ್ಲಿ ಮೂರೂ ಇವೆ. ಬದನೆ, ಮೆಣಸು, ಟೊಮೆಟೊ, ಬಟಾಟೆ ಒಂದೇ ಕುಟುಂಬದವು. ಒಂದರ ಬೇರಿನಲ್ಲಿ ಉಳಿದ ರೋಗ ಇನ್ನೊಂದಕ್ಕೆ ಕಾದು ಕೂತಿರುತ್ತದೆ, ವರ್ಷಗಟ್ಟಲೆ. ಸಿಂಪಡಿಸಿ ಓಡಿಸುವ ಔಷಧಿ ಇಲ್ಲ, ಜೀವಾಮೃತದಿಂದಲೂ ಹೋಗುವುದಿಲ್ಲ. ಜಾಗ ಬದಲಿಸಬೇಕು, ನೀರು ಬಸಿಯುವಂತೆ ಏರುಮಡಿ ಮಾಡಬೇಕು, ಸತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಡಬೇಕು. ರೋಗ ತಡೆಯುವ ಸುಂಡೆ ಗಿಡದ ಮೇಲೆ ಬದನೆ ಕಸಿ ಕಟ್ಟುವುದೂ ಉಂಟು.

ಎಲ್ಲಿ ಏನಿತ್ತು ಎಂದು ಬರೆದಿರದಿದ್ದರೆ ಜಾಗ ಬದಲಿಸುವುದಾದರೂ ಹೇಗೆ? ಹಿತ್ತಲಿನ ಒಂದು ನಕ್ಷೆ, ಮಡಿಗೊಂದು ಅಂಕೆ, ಬೀಜ ಹಾಕಿದ ದಿನ, ಮೊದಲ ಕೊಯ್ಲು, ಸತ್ತದ್ದು. ಇಷ್ಟೇ ಸಾಕು. ಸತ್ತದ್ದನ್ನು ಮಾತ್ರ ಬಿಡಬಾರದು. ಕಾಯಿ ಬಿಟ್ಟದ್ದು ಎಲ್ಲರಿಗೂ ನೆನಪಿರುತ್ತದೆ. ಬೀಜದ ಪೊಟ್ಟಣದ ಮೇಲೂ ಯಾರ ಮನೆಯದು, ಯಾವ ಬಳ್ಳಿಯ ಎಷ್ಟನೆಯ ಕಾಯಿ ಎಂದು ಬರೆಯುತ್ತೇನೆ. ಮೊಗೆಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡುತ್ತಿದ್ದ ಮನೆಗಳಲ್ಲಿ ಆ ಬೀಜ ಯಾರ ಕೈಯಿಂದ ಬಂತು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು 2001ರಿಂದ ನಾಟಿ ಬೀಜ ಉಳಿಸಿ ಹಂಚುತ್ತ ಬಂದಿರುವುದು ಇಂಥ ಹಿತ್ತಲುಗಳ ಬಲದಿಂದಲೇ.

ಈ ವರ್ಷ ಮೂಡಣ ಮೂಲೆಗೆ ಒಲೆಬೂದಿ, ಚಿಪ್ಪಿನ ಸುಣ್ಣ ಬೆರೆಸಿ, ಮಡಿ ಒಂದು ಗೇಣು ಎತ್ತರಿಸಿ ಬೆಂಡೆ ಹಾಕಿದ್ದೇನೆ. ಬದನೆ ಬಾವಿಕಟ್ಟೆಯ ಪಕ್ಕಕ್ಕೆ ಹೋಯಿತು. ಪುಷ್ಯ ಮಳೆ ಮುಗಿಯಲು ಬಂತು, ಹದಿನಾಲ್ಕರಲ್ಲಿ ಹದಿಮೂರು ಗಿಡ ನಿಂತಿವೆ. ಸತ್ತ ಒಂದರ ಕಾಂಡ ಕೊಯ್ದು ಲೋಟದಲ್ಲಿ ಹಿಡಿದೆ, ನೀರು ತಿಳಿಯಾಗಿಯೇ ಇತ್ತು. ಅದನ್ನೂ ಬರೆದಿಟ್ಟಿದ್ದೇನೆ.